ಒಟ್ಲಲ್ಲೇ ಉಳಿದ ಪೈರು: ರಕ್ತದ ಕ್ಯಾನ್ಸರ್ ಹುಟ್ಟುವ ಜಾಗ

ಭಾನುವಾರ ಸಂಜೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ಹಲಗೆಯ ಮೇಲೆ ಬರೆದ ಚಿತ್ರ ಇಲ್ಲಿಲ್ಲ. ಅದರ ಬದಲು ನಾಲ್ಕು ವಾಕ್ಯ ಜಾಸ್ತಿ ಸೇರಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಡಾಕ್ಟರೇ, ಆದರೆ ರೋಗಿಗಳ ಮುಖ ನೋಡಿದ್ದು ಕಡಿಮೆ. ಪೆಥಾಲಜಿಯವಳು. ಗಾಜಿನ ಸ್ಲೈಡಿನ ಮೇಲೆ ಸವರಿದ ರಕ್ತ ನೋಡುತ್ತಾ ಮೂವತ್ತು ವರ್ಷ ಕೂತವಳು. ನಿವೃತ್ತಿಯಾದ ಮೇಲೆ ಎದುರು ಮನೆಯ ಅಜ್ಜಿಯೊಬ್ಬರು ನನ್ನನ್ನು ಹಿಡಿದು ಕೇಳಿದರು: "ಅಲ್ಲಮ್ಮಾ, ಕ್ಯಾನ್ಸರ್ ಅಂದ್ರೆ ಗಡ್ಡೆ. ರಕ್ತ ಹರಿಯೋದು. ಹರಿಯೋದರಲ್ಲಿ ಗಡ್ಡೆ ಎಲ್ಲಿ ಕೂರುತ್ತೆ?"

ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ನನಗೂ ಇದೇ ಅನುಮಾನ ಇತ್ತು, ಕೇಳಲು ನಾಚಿಕೆ. ಇವತ್ತಿನ ಮಾತೆಲ್ಲ ಆ ಅಜ್ಜಿಗೆ ಕೊಟ್ಟ ಉತ್ತರವೇ. ಸ್ವಲ್ಪ ಉದ್ದ ಆಗಿದೆ, ಅಷ್ಟೆ.

ರಕ್ತದ ಕ್ಯಾನ್ಸರಿನಲ್ಲಿ, ಅಂದರೆ ಲ್ಯುಕೇಮಿಯಾದಲ್ಲಿ, ಎಡವಟ್ಟು ಶುರುವಾಗುವುದು ರಕ್ತ ತಯಾರಾಗುವ ಜಾಗದಲ್ಲಿ. ಹರಿಯುವ ರಕ್ತದಲ್ಲಿ ನಮಗೆ ಕಾಣುವುದು ಅಲ್ಲಿಂದ ತುಳುಕಿ ಬಂದದ್ದು. ಹಾಗಾಗಿ ಮೊದಲು ಆ ಜಾಗ ನೋಡೋಣ.

ಮಾಂಸ ತಿನ್ನುವವರಿಗೆ ನಲ್ಲಿ ಮೂಳೆ ಗೊತ್ತು. ತಟ್ಟೆಗೆ ಕುಟ್ಟಿ ಒಳಗಿನದನ್ನು ಹೀರುತ್ತೀರಲ್ಲ, ಅದೇ ಮಜ್ಜೆ. ಆದರೆ ಆ ಜಿಡ್ಡು ಮಜ್ಜೆಯಲ್ಲಿ ಹೆಚ್ಚಿನದು ಕೊಬ್ಬು. ದೊಡ್ಡವರಲ್ಲಿ ರಕ್ತ ತಯಾರಾಗುವುದು ಕೆಂಪು ಮಜ್ಜೆಯಲ್ಲಿ. ಅದು ಇರುವುದು ಸೊಂಟದ ಮೂಳೆ, ಬೆನ್ನುಮೂಳೆ, ಪಕ್ಕೆಲುಬು, ಎದೆಯ ನಡುವಿನ ಚಪ್ಪಟೆ ಮೂಳೆ ಇಂಥ ಕಡೆ. ಬೋನ್ ಮ್ಯಾರೋ ಟೆಸ್ಟ್ ಅಂದಾಗ ಸೊಂಟದ ಹಿಂಭಾಗಕ್ಕೆ ಸೂಜಿ ಹಾಕುವುದು ಅದಕ್ಕೇ. ತಾಯಿಯ ಹೊಟ್ಟೆಯಲ್ಲಿ ಇರುವಾಗ ಲೆಕ್ಕ ಬೇರೆ. ಆಗ ಬಹಳ ತಿಂಗಳು ರಕ್ತ ಮಾಡುವ ಕೆಲಸ ಮಗುವಿನ ಲಿವರ್‌ನದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಜ್ಜೆಯಲ್ಲಿ ರಕ್ತ ಹುಟ್ಟುತ್ತದೆ ಎಂದು 1868ರಲ್ಲಿ ಹೇಳಿದವರು ಅರ್ನ್ಸ್ಟ್ ನಾಯ್‌ಮನ್. ಕ್ಯೋನಿಗ್ಸ್‌ಬರ್ಗ್ ಎಂಬ ಊರಿನವರು. ಆ ಊರು ಈಗ ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾಡ್. ಗಟ್ಟಿ ಮೂಳೆಯೊಳಗೆ ರಕ್ತ ಹುಟ್ಟುವುದುಂಟೇ ಎಂದು ಆಗ ಬಹಳ ಜನ ನಂಬಲಿಲ್ಲ. ಎರಡೇ ವರ್ಷದಲ್ಲಿ ಅವರು ಲ್ಯುಕೇಮಿಯಾ ರೋಗಿಯ ಮಜ್ಜೆ ಕೆಟ್ಟಿರುವುದನ್ನೂ ತೋರಿಸಿದರು. ಅಜ್ಜಿಯ ಪ್ರಶ್ನೆಗೆ ಮೊದಲ ಸರಿಯಾದ ಉತ್ತರ ಅದು.

ಆ ಜಾಗದಲ್ಲಿ ನಡೆಯುವ ಕೆಲಸದ ಅಳತೆ ಹೇಳುತ್ತೇನೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ದಿನಕ್ಕೆ ಸುಮಾರು 20,000 ಕೋಟಿ ಹೊಸ ಕೆಂಪು ಕಣ ಬೇಕು. ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ. ನಾನು ಈ ವಾಕ್ಯ ಮುಗಿಸುವುದರೊಳಗೆ ನಿಮ್ಮ ಪ್ರತಿಯೊಬ್ಬರ ಮೂಳೆಯಲ್ಲೂ ಒಂದು ಬೆಂಗಳೂರಿನ ಜನಸಂಖ್ಯೆಯಷ್ಟು ಕಣ ಹುಟ್ಟಿರುತ್ತವೆ. ಪ್ಲೇಟ್‌ಲೆಟ್ ಬದುಕುವುದು ಒಂದು ವಾರ, ಹತ್ತು ದಿನ. ಕೀವು ಕಟ್ಟುವ ಕಡೆ ಮೊದಲು ಓಡುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಕ್ಕೆ ರಕ್ತದಲ್ಲಿ ಒಂದು ದಿನದ ಬಾಳೂ ಕಷ್ಟ.

ಇಷ್ಟೆಲ್ಲ ಎಲ್ಲಿಂದ ಬರುತ್ತದೆ? 1961ರಲ್ಲಿ ಕೆನಡಾದ ಟೊರಾಂಟೋದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ ಎಂಬ ಇಬ್ಬರು ವಿಕಿರಣದ ಮೇಲೆ ಕೆಲಸ ಮಾಡುತ್ತಿದ್ದರು. ಒಬ್ಬರು ಭೌತವಿಜ್ಞಾನಿ, ಇನ್ನೊಬ್ಬರು ಡಾಕ್ಟರ್. ಇಲಿಗಳ ಮಜ್ಜೆಯನ್ನು ವಿಕಿರಣದಿಂದ ಸಾಯಿಸಿ, ಬೇರೆ ಇಲಿಯ ಮಜ್ಜೆ ಚುಚ್ಚುತ್ತಿದ್ದರು. ಒಂದು ಭಾನುವಾರ ಮೆಕಲಕ್ ಲ್ಯಾಬಿಗೆ ಹೋಗಿ ನೋಡಿದರೆ ಇಲಿಗಳ ಗುಲ್ಮದ (ಸ್ಪ್ಲೀನ್) ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿದ್ದವು. ಹೆಚ್ಚು ಮಜ್ಜೆ ಚುಚ್ಚಿದ್ದರೆ ಹೆಚ್ಚು ಗಂಟು, ಕಡಿಮೆ ಚುಚ್ಚಿದ್ದರೆ ಕಡಿಮೆ. ಒಂದೊಂದು ಗಂಟಿನಲ್ಲೂ ಹಲವು ಜಾತಿಯ ರಕ್ತಕಣಗಳು. ಎರಡು ವರ್ಷ ಬಿಟ್ಟು, ಒಂದು ಗಂಟು ಅಂದರೆ ಒಂದೇ ಜೀವಕೋಶದ ಸಂತಾನ ಎಂದು ಕ್ರೋಮೋಸೋಮಿನ, ಅಂದರೆ ಜೀವಕೋಶದೊಳಗಿನ ಡಿ.ಎನ್.ಎ. ಕಟ್ಟಿನ, ಗುರುತು ಹಿಡಿದು ತೋರಿಸಿದರು. ನಾವು ಈಗ ಸ್ಟೆಮ್ ಸೆಲ್ ಅನ್ನುತ್ತೇವಲ್ಲ, ಅದನ್ನು ಮೊದಲು ಲೆಕ್ಕ ಹಾಕಿ ಹಿಡಿದದ್ದು ಹೀಗೆ.

ಬೀಜದ ಭತ್ತ ಅಂದುಕೊಳ್ಳಿ ಅದನ್ನು. ಊಟಕ್ಕೆ ಬಳಸುವುದಿಲ್ಲ, ಮುಂದಿನ ಬೆಳೆಗೆ ಎತ್ತಿಡುತ್ತೇವೆ. ಒಬ್ಬ ಮನುಷ್ಯನಲ್ಲಿ ಇಂಥ ಸ್ಟೆಮ್ ಸೆಲ್ ಎಷ್ಟು ಎಂದು 2018ರಲ್ಲಿ ಒಂದು ಅಂದಾಜು ಬಂತು: 50,000ದಿಂದ 2 ಲಕ್ಷ. ಅಷ್ಟು ಕೋಟಿ ಕಣಗಳ ಮುಂದೆ ಇದು ಬೊಗಸೆಯಷ್ಟೂ ಅಲ್ಲ.

ಈ ಬೀಜದಿಂದ ಎರಡು ದೊಡ್ಡ ಟೊಂಗೆ ಒಡೆಯುತ್ತವೆ. ಹಲಗೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದ್ದೆ. ಒಂದು ಮೈಲಾಯ್ಡ್. ಕೆಂಪು ಕಣ, ಪ್ಲೇಟ್‌ಲೆಟ್, ನ್ಯೂಟ್ರೋಫಿಲ್ ಎಲ್ಲ ಆ ಕಡೆ. ಇನ್ನೊಂದು ಲಿಂಫಾಯ್ಡ್. ಅದರಲ್ಲಿ ಬಿ ಕಣ, ಟಿ ಕಣ. ಸೋಂಕನ್ನು ಗುರುತು ಹಿಡಿದು, ನೆನಪಿಟ್ಟುಕೊಂಡು, ಮುಂದಿನ ಸಲ ಬೇಗ ಹೊಡೆಯುವುದು ಇವುಗಳ ಕೆಲಸ. ನಾವು ಲಸಿಕೆ ಹಾಕಿಸಿಕೊಳ್ಳುವುದೂ ಇವುಗಳ ನೆನಪನ್ನು ನಂಬಿಯೇ.

ಬಿ, ಟಿ ಅನ್ನುವ ಅಕ್ಷರ ಎಲ್ಲಿಂದ ಬಂತು ಗೊತ್ತಾ? ಬಿ ಬಂದದ್ದು ಕೋಳಿಯ ಹಿಂಭಾಗದಿಂದ. ನಗಬೇಡಿ. ಕೋಳಿಯ ಹಿಂದ್ವಾರದ ಹತ್ತಿರ ಬರ್ಸಾ ಎಂಬ ಪುಟ್ಟ ಚೀಲ ಇದೆ. 1950ರ ದಶಕದಲ್ಲಿ ಅಮೆರಿಕದ ಒಹಾಯೋದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ, ಈ ಚೀಲ ಯಾಕಿದೆ ನೋಡೋಣ ಎಂದು ಮರಿಗಳಿಂದ ಅದನ್ನು ಕತ್ತರಿಸಿ ತೆಗೆದರು. ಮರಿಗಳು ಚೆನ್ನಾಗಿಯೇ ಬೆಳೆದವು. ಏನೂ ಗೊತ್ತಾಗಲಿಲ್ಲ. ಆಮೇಲೆ ತಿಮೊತಿ ಚಾಂಗ್ ಎಂಬ ಗೆಳೆಯರಿಗೆ ಪಾಠಕ್ಕೆ ಕೋಳಿ ಬೇಕಾಯಿತು. ರೋಗಾಣು ಚುಚ್ಚಿದರೆ ಕೋಳಿಯಲ್ಲಿ ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ಹಿಡಿಯುವ ಪ್ರೋಟೀನ್, ಹುಟ್ಟುತ್ತದೆ ಎಂದು ತರಗತಿಗೆ ತೋರಿಸಬೇಕಿತ್ತು. ಗ್ಲಿಕ್ ತಮ್ಮ ಹಳೆಯ ಕೋಳಿಗಳನ್ನು ಕೊಟ್ಟರು. ಪಾಠ ಕೆಟ್ಟುಹೋಯಿತು, ಪ್ರತಿಕಾಯ ಬರಲೇ ಇಲ್ಲ. ನೋಡಿದರೆ ಅವೆಲ್ಲ ಬರ್ಸಾ ತೆಗೆದ ಕೋಳಿಗಳು. ದೊಡ್ಡ ಪತ್ರಿಕೆ ಈ ಲೇಖನವನ್ನು ವಾಪಸ್ ಕಳಿಸಿತು. ಕೊನೆಗೆ 1956ರಲ್ಲಿ ಅದು ಬಂದದ್ದು ಕೋಳಿ ಸಾಕಣೆಯ ಪತ್ರಿಕೆಯೊಂದರಲ್ಲಿ. ರೋಗನಿರೋಧದ ಬಗ್ಗೆ ಕೆಲಸ ಮಾಡುವವರು ಅದನ್ನು ಯಾಕೆ ತೆರೆದು ನೋಡುತ್ತಾರೆ, ಅಲ್ವಾ?

ಟಿ ಅಂದರೆ ಥೈಮಸ್. ಎದೆಮೂಳೆಯ ಹಿಂದೆ, ಹೃದಯದ ಮೇಲ್ಗಡೆ ಇರುವ ಗ್ರಂಥಿ. ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಸೊರಗುತ್ತದೆ. ಬಹಳ ಕಾಲ ಅದನ್ನು ಬಿಳಿ ಕಣಗಳ ಸ್ಮಶಾನ ಅಂದುಕೊಂಡಿದ್ದರು. 1961ರಲ್ಲಿ ಲಂಡನ್‌ನಲ್ಲಿ ಜಾಕ್ ಮಿಲ್ಲರ್ ಆಗತಾನೇ ಹುಟ್ಟಿದ ಇಲಿಮರಿಗಳಿಂದ ಥೈಮಸ್ ತೆಗೆದರು. ಅವು ಸೊರಗಿದವು, ಸೋಂಕಿಗೆ ಬಲಿಯಾದವು. ಬೇರೆ ಇಲಿಯ ಚರ್ಮ ಅಂಟಿಸಿದರೂ ಸುಮ್ನೆ ಒಪ್ಪಿಕೊಂಡವು. ಆದರೆ ನನಗೆ ಇಷ್ಟವಾದ ವಿಷಯ ಬೇರೆ. ಮಿಲ್ಲರ್ ಹುಡುಕುತ್ತಿದ್ದದ್ದು ರೋಗನಿರೋಧ ಶಕ್ತಿಯನ್ನಲ್ಲ. ವೈರಸ್‌ನಿಂದ ಇಲಿಗಳಿಗೆ ಬರುವ ಲ್ಯುಕೇಮಿಯಾ ಥೈಮಸ್‌ನಲ್ಲಿ ಶುರುವಾಗುತ್ತಿತ್ತು, ಅದು ಹೇಗೆ ಎಂದು ನೋಡುತ್ತಿದ್ದರು. ಲ್ಯುಕೇಮಿಯಾದ ಬಾಲ ಹಿಡಿದು ಹೋದವರಿಗೆ ಟಿ ಕಣದ ತವರುಮನೆ ಸಿಕ್ಕಿತು.

1965ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಜೊತೆಗಾರರು ಕೋಳಿಮರಿಗಳಲ್ಲೇ ಎರಡನ್ನೂ ಬೇರೆ ಮಾಡಿ ತೋರಿಸಿದರು. ಬರ್ಸಾ ತೆಗೆದರೆ ಪ್ರತಿಕಾಯ ಹೋಗುತ್ತದೆ. ಥೈಮಸ್ ತೆಗೆದರೆ ಇನ್ನೊಂದು ಬಗೆಯ ರಕ್ಷಣೆ ಹೋಗುತ್ತದೆ. ನಮಗೆ ಬರ್ಸಾ ಇಲ್ಲ. ನಮ್ಮ ಬಿ ಕಣ ಬೆಳೆಯುವುದು ಮಜ್ಜೆಯಲ್ಲೇ.

ಈಗ ಒಂದು ಕತ್ತರಿಯ ವಿಷಯಕ್ಕೆ ಬರುತ್ತೇನೆ. ಇದು ಅರ್ಥವಾದರೆ ಅರ್ಧ ಲ್ಯುಕೇಮಿಯಾ ಅರ್ಥವಾದ ಹಾಗೆ.

ಜಗತ್ತಿನಲ್ಲಿ ಎಷ್ಟು ಬಗೆಯ ರೋಗಾಣು ಇವೆಯೋ ಲೆಕ್ಕ ಇಲ್ಲ. ಒಂದೊಂದಕ್ಕೂ ಒಂದೊಂದು ಜೀನ್ ಇಟ್ಟುಕೊಳ್ಳಲು ನಮ್ಮ ಡಿ.ಎನ್.ಎ.ನಲ್ಲಿ ಜಾಗ ಇಲ್ಲ. ಹಾಗಾದರೆ ಕೋಟಿಗಟ್ಟಲೆ ಬಗೆಯ ಪ್ರತಿಕಾಯ ಹೇಗೆ ಹುಟ್ಟುತ್ತದೆ? 1976ರಲ್ಲಿ ಸುಸುಮು ತೊನೆಗಾವಾ ಇದನ್ನು ಬಿಡಿಸಿದರು. ಅದಕ್ಕೆ 1987ರ ನೊಬೆಲ್ ಬಂತು. ಬೆಳೆಯುತ್ತಿರುವ ಬಿ ಕಣ ತನ್ನ ಡಿ.ಎನ್.ಎ.ಯನ್ನು ತಾನೇ ಕತ್ತರಿಸಿ, ತುಂಡುಗಳನ್ನು ಹೊಸದಾಗಿ ಜೋಡಿಸಿಕೊಳ್ಳುತ್ತದೆ. ವಿ, ಡಿ, ಜೆ ಎಂದು ಮೂರು ರಾಶಿ. ಪ್ರತಿಕಾಯದ ದೊಡ್ಡ ಸರಪಳಿಗೆ ವಿ ರಾಶಿಯಲ್ಲಿ ಸುಮಾರು 40 ತುಂಡು, ಡಿ ರಾಶಿಯಲ್ಲಿ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು, ಜೆ ರಾಶಿಯಲ್ಲಿ 6. ಒಂದೊಂದು ರಾಶಿಯಿಂದ ಒಂದೊಂದು. ಜೋಡಿಸುವ ಜಾಗದಲ್ಲಿ ಕೆಲವು ಅಕ್ಷರ ಸುಮ್ಮನೆ ಮನಸ್ಸಿಗೆ ಬಂದಂತೆ ಸೇರಿಸುವುದೂ ಉಂಟು. ಹಳೆ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯುವ ಹಾಗೆ. ಎರಡು ಕೌದಿ ಒಂದೇ ಥರ ಇರುವುದಿಲ್ಲ. ಎರಡು ಬಿ ಕಣಗಳ ಹೊಲಿಗೆಯೂ ಹಾಗೇ, ಅದು ಆ ಕಣದ ಹೆಬ್ಬೆಟ್ಟಿನ ಗುರುತು.

ಕತ್ತರಿಸುವ ಕಿಣ್ವಕ್ಕೆ ರ‍್ಯಾಗ್ ಎಂದು ಹೆಸರು. 1989ರಲ್ಲಿ ಡೇವಿಡ್ ಶಾಟ್ಜ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರ ತಂಡ ಅದರ ಜೀನ್ ಹುಡುಕಿತು. ಯೋಚನೆ ಮಾಡಿ. ಮೈಯ ಬೇರೆ ಜೀವಕೋಶಗಳು ತಮ್ಮ ಡಿ.ಎನ್.ಎ.ಗೆ ಈ ಕತ್ತರಿ ಹಾಕುವುದಿಲ್ಲ. ಹಾಕುವುದು ಎಳೆಯ ಬಿ ಕಣ ಮತ್ತು ಎಳೆಯ ಟಿ ಕಣ. ಕತ್ತರಿ ತಪ್ಪು ಬಟ್ಟೆಗೆ ಬಿದ್ದರೆ? ಬೀಳುತ್ತದೆ. ಮಕ್ಕಳಲ್ಲಿ ಬರುವ ಒಂದು ಬಗೆಯ ಲ್ಯುಕೇಮಿಯಾದ ಪೂರ್ತಿ ಜೀನೋಮ್ ಓದಿದಾಗ, ಕೆಟ್ಟ ಜೀನ್‌ಗಳ ಪಕ್ಕದಲ್ಲಿ ಇದೇ ಕತ್ತರಿಯ ಗುರುತುಗಳು ಸಿಕ್ಕವು. ನೆಗಡಿಯಿಂದ ನಮ್ಮನ್ನು ಕಾಯುವ ಉಪಕರಣವೇ ಅಪರೂಪಕ್ಕೆ ಕೈ ಕೊಯ್ಯುತ್ತದೆ.

ಸರಿ, ರೋಗಕ್ಕೆ ಬರೋಣ.

1845ರಲ್ಲಿ ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್, ಬರ್ಲಿನ್‌ನಲ್ಲಿ ರುಡಾಲ್ಫ್ ವಿರ್ಖೋ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಥರದ ಶವ ಕೊಯ್ದು ನೋಡಿದರು. ರಕ್ತದಲ್ಲಿ ಬಿಳಿ ಕಣ ತುಂಬಿ ಹೋಗಿತ್ತು. ಬೆನೆಟ್ ಅದು ಕೀವು ಅಂದರು. ವಿರ್ಖೋ ಒಪ್ಪಲಿಲ್ಲ. ಕೀವು ಇದ್ದರೆ ಎಲ್ಲೋ ಒಂದು ಹುಣ್ಣು ಇರಬೇಕು, ಇಲ್ಲಿ ಅದಿಲ್ಲ. ಅವರು ಸುಮ್ಮನೆ ಕಂಡದ್ದನ್ನೇ ಹೆಸರು ಮಾಡಿದರು, ಬಿಳಿ ರಕ್ತ ಎಂದು. 1847ರಲ್ಲಿ ಅದು ಗ್ರೀಕಿಗೆ ತಿರುಗಿ ಲ್ಯುಕೇಮಿಯಾ ಆಯಿತು. ಗೊತ್ತಿಲ್ಲದ ಕಾರಣವನ್ನು ಹೆಸರಿನೊಳಗೆ ತುರುಕದ ಆ ಸಂಯಮ ನನಗೆ ತುಂಬಾ ಮೆಚ್ಚುಗೆ.

ನನ್ನ ಮೈಕ್ರೋಸ್ಕೋಪಿನ ಅಡಿ ಅದು ಹೇಗೆ ಕಾಣುತ್ತಿತ್ತು ಹೇಳುತ್ತೇನೆ. ಲೀಶ್‌ಮನ್ ಬಣ್ಣ ಹಾಕಿದ ಸ್ಮಿಯರ್, ಅಂದರೆ ಸ್ಲೈಡಿಗೆ ಸವರಿದ ರಕ್ತ. ಚೆನ್ನಾಗಿರುವ ರಕ್ತದಲ್ಲಿ ಗುಲಾಬಿ ಕೆಂಪು ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಕಣ. ಒಂದೊಂದಕ್ಕೂ ಒಂದೊಂದು ಮುಖ. ನ್ಯೂಟ್ರೋಫಿಲ್‌ನ ಕೇಂದ್ರ ಮೂರು ನಾಲ್ಕು ಹಾಲೆ, ಇಯೋಸಿನೋಫಿಲ್ ತುಂಬ ಕಿತ್ತಳೆ ಕಾಳು. ಅಕ್ಯೂಟ್, ಅಂದರೆ ದಿಢೀರನೆ ಏರುವ ಬಗೆಯ, ಲ್ಯುಕೇಮಿಯಾದ ಸ್ಮಿಯರ್ ಹಾಗಲ್ಲ. ಎಲ್ಲಿ ನೋಡಿದರೂ ಒಂದೇ ಮುಖ. ದೊಡ್ಡ ದುಂಡು ಕೇಂದ್ರ, ಸುತ್ತ ತೆಳ್ಳಗೆ ನೀಲಿ ಅಂಚು. ಎಳಸು. ಇದಕ್ಕೆ ಬ್ಲಾಸ್ಟ್ ಅನ್ನುತ್ತೇವೆ. ಬಾಂಬಿಗೂ ಇದಕ್ಕೂ ಸಂಬಂಧ ಇಲ್ಲ, ಗ್ರೀಕಿನಲ್ಲಿ ಆ ಪದದ ಅರ್ಥ ಮೊಳಕೆ.

ನಮ್ಮ ಮನೆಯವರು ಮಂಡ್ಯ ಕಡೆಯವರು. ಭತ್ತದ ಒಟ್ಲು ಹಾಕುವುದನ್ನು ನಾನು ಮದುವೆಯಾದ ಮೇಲೆ ನೋಡಿದ್ದು. ಒತ್ತೊತ್ತಾಗಿ ಬಿತ್ತಿ, ಪೈರು ಎದ್ದ ಮೇಲೆ ಕಿತ್ತು ಗದ್ದೆಗೆ ನಾಟಿ ಮಾಡುತ್ತಾರೆ. ಒಟ್ಲಲ್ಲೇ ಬಿಟ್ಟರೆ ತೆನೆ ಬರುವುದಿಲ್ಲ. ಅಕ್ಯೂಟ್ ಲ್ಯುಕೇಮಿಯಾ ಒಟ್ಲಲ್ಲೇ ಉಳಿದ ಪೈರು. ಅದು ಬಲಿಯುವುದಿಲ್ಲ, ಆದರೆ ಒಡೆದು ಒಡೆದು ಎರಡಾಗುವುದನ್ನೂ ನಿಲ್ಲಿಸುವುದಿಲ್ಲ. ಮಡಿ ತುಂಬಿ ಬೇರೆ ಪೈರಿಗೆ ಜಾಗ ಇಲ್ಲ. ಕೆಂಪು ಕಣ ಇಲ್ಲ, ಅದಕ್ಕೆ ಸುಸ್ತು, ಬಿಳಿಚಿಕೊಂಡ ಮುಖ. ಪ್ಲೇಟ್‌ಲೆಟ್ ಇಲ್ಲ, ಅದಕ್ಕೆ ವಸಡಿನಲ್ಲಿ ರಕ್ತ. ನ್ಯೂಟ್ರೋಫಿಲ್ ಇಲ್ಲ, ಅದಕ್ಕೆ ಬಿಡದ ಜ್ವರ. ಬಿಳಿ ಕಣದ ಕೌಂಟ್ ಒಂದು ಲಕ್ಷ ಅಂತ ರಿಪೋರ್ಟ್ ಬಂದಿರುತ್ತದೆ, ಆದರೂ ಕಾಯಲು ಒಂದೂ ಕಣ ಇರುವುದಿಲ್ಲ.

ಕ್ರಾನಿಕ್ ಅನ್ನುವ, ನಿಧಾನಕ್ಕೆ ಬೆಳೆಯುವ ಬಗೆಯಲ್ಲಿ ಕಣ ಬಲಿಯುತ್ತದೆ, ಆದರೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ. ಅಕ್ಯೂಟ್, ಕ್ರಾನಿಕ್ ಎರಡು, ಮೈಲಾಯ್ಡ್, ಲಿಂಫಾಯ್ಡ್ ಎರಡು. ಆಸ್ಪತ್ರೆಯಲ್ಲಿ ಎ.ಎಂ.ಎಲ್., ಎ.ಎಲ್.ಎಲ್., ಸಿ.ಎಂ.ಎಲ್., ಸಿ.ಎಲ್.ಎಲ್. ಎಂದು ನಾಲ್ಕು ಹೆಸರು ಕೇಳುವುದು ಹೀಗೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗ ಇಲ್ಲಿ ಕೈ ಎತ್ತಿದ: "ಮೇಡಂ, ಹಾಳಾದದ್ದು ಯಾವ ಕಣ ಅಂತ ಗೊತ್ತಾಗೋದು ಹೇಗೆ? ಕೊನೆಗೆ ಕಾಣೋದು ಬ್ಲಾಸ್ಟ್ ಮಾತ್ರ ಅಲ್ವಾ?"

ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು. ಪೈರು ನಿಂತ ಜಾಗವೇ ಕೆಟ್ಟ ಜಾಗ ಎಂದು ಹೇಳಲು ಬರುವುದಿಲ್ಲ. ಕೆಡುಕು ಮೇಲೆ ಎಲ್ಲೋ ಆಗಿ, ಕಾಣುವುದು ಕೆಳಗೆ ಇರಬಹುದು. ಇದನ್ನು ಬಿಡಿಸಿದ ಮೊದಲ ಜಾಣತನದ ಕೆಲಸ ಸಿ.ಎಂ.ಎಲ್., ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾದ ಮೇಲೆ ಆಯಿತು.

1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ಕಣಗಳಲ್ಲಿ ಒಂದು ಕುಳ್ಳ ಕ್ರೋಮೋಸೋಮ್ ನೋಡಿದರು. ಊರಿನ ಹೆಸರೇ ಅದಕ್ಕೆ ಬಂತು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಅದರ ಗುಟ್ಟು ಹೇಳಿದರು. 22ನೇ ಕ್ರೋಮೋಸೋಮಿನ ತುಂಡು ಕಳೆದುಹೋಗಿಲ್ಲ, 9ನೆಯದರ ತುಂಡಿನ ಜೊತೆ ಅದಲುಬದಲಾಗಿದೆ. ಅವರು ಫೋಟೋದಿಂದ ಕ್ರೋಮೋಸೋಮುಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಿದ್ದಾಳೆ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರಂತೆ. ಅದಲುಬದಲಾದ ಜಾಗದಲ್ಲಿ ಎರಡು ಜೀನ್ ಅಂಟಿಕೊಂಡು, ಆಫ್ ಆಗದ ಒಂದು ಸ್ವಿಚ್ ಹುಟ್ಟುತ್ತದೆ. ಆ ಸ್ವಿಚ್ಚನ್ನೇ ಹಿಡಿದು ಒತ್ತುವ ಇಮಾಟಿನಿಬ್ ಎಂಬ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಅದರ ಪೇಟೆಂಟ್ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2013ರ ಏಪ್ರಿಲ್ 1ರಂದು ಕಂಪನಿಯ ಬೇಡಿಕೆ ಬಿತ್ತು. ಅದೇ ಔಷಧದ ಅಗ್ಗದ ಮಾತ್ರೆಗಳಿಗೆ ದಾರಿ ಉಳಿಯಿತು.

ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1967ರಲ್ಲಿ, ಫಿಲಿಪ್ ಫಿಯಾಲ್ಕೋ ತಂಡದಿಂದ. ಹೆಣ್ಣಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್ ಕ್ರೋಮೋಸೋಮ್, ಅದರಲ್ಲಿ ಒಂದು ಮಲಗಿರುತ್ತದೆ. ಯಾವುದು ಮಲಗುತ್ತದೆ ಅನ್ನುವುದು ಅದೃಷ್ಟ. ಹಾಗಾಗಿ ಎಕ್ಸ್ ಮೇಲಿರುವ ಒಂದು ಕಿಣ್ವದ ಎರಡು ಬಗೆ ಪಡೆದು ಹುಟ್ಟಿದ ಹೆಂಗಸಿನ ಚರ್ಮದಲ್ಲಿ ಎರಡು ಬಗೆಯೂ ಬೆರೆತಿರುತ್ತವೆ. ಸಿ.ಎಂ.ಎಲ್. ಬಂದ ಇಂಥ ಹೆಂಗಸರ ಚರ್ಮದಲ್ಲಿ ಎರಡೂ ಇದ್ದವು. ಆದರೆ ಬಿಳಿ ಕಣದಲ್ಲಿ ಒಂದೇ ಬಗೆ. ಕೆಂಪು ಕಣದಲ್ಲೂ ಅದೇ ಒಂದು ಬಗೆ! ಅಂದರೆ ರೋಗ ಶುರುವಾದದ್ದು ಒಂದೇ ಜೀವಕೋಶದಲ್ಲಿ. ಅದು ಕೆಂಪು ಬಿಳಿ ಎಂಬ ಕವಲು ಒಡೆಯುವ ಮೊದಲಿನ ಜೀವಕೋಶ, ಬೀಜದ ಭತ್ತ. ಮಾತ್ರೆ ನುಂಗಿ ಕೌಂಟ್ ಸರಿಯಾದವರೂ ಯಾಕೆ ವರ್ಷಗಟ್ಟಲೆ ನುಂಗುತ್ತಲೇ ಇರಬೇಕು ಅನ್ನುವುದಕ್ಕೆ ಕಾರಣ ಇಲ್ಲಿದೆ. ಮಾತ್ರೆ ಪೈರನ್ನು ಹಿಡಿಯುತ್ತದೆ. ಬೀಜ ಮಜ್ಜೆಯ ಮೂಲೆಯಲ್ಲಿ ತಣ್ಣಗೆ ಕೂತಿರುತ್ತದೆ.

ಇದಕ್ಕೆ ಎದುರು ಬದಿಯ ಕಥೆ ಎ.ಪಿ.ಎಲ್. ಎಂಬುದರದು. ಎ.ಎಂ.ಎಲ್.ನಲ್ಲೇ ಒಂದು ಜಾತಿ. ರಕ್ತಸ್ರಾವದಿಂದ ಬೇಗ ಸಾಯಿಸುತ್ತಿದ್ದ ರೋಗ ಅದು. ಇಲ್ಲಿ ಕಣ ನ್ಯೂಟ್ರೋಫಿಲ್ ಆಗುವ ದಾರಿಯಲ್ಲಿ ಪ್ರೋಮೈಲೋಸೈಟ್ ಎಂಬ ಮೆಟ್ಟಿಲಲ್ಲಿ ನಿಂತುಬಿಡುತ್ತದೆ. ಯಾಕೆಂದರೆ ವಿಟಮಿನ್ ಎ ಸಂಬಂಧಿ ಒಂದು ವಸ್ತುವಿನ ಮಾತು ಕೇಳಿ ಮುಂದೆ ಹೋಗಬೇಕಾದ ಜೀನ್ ಮುರಿದಿರುತ್ತದೆ. 1985ರಲ್ಲಿ ಶಾಂಘೈನಲ್ಲಿ ವಾಂಗ್ ಝೆನ್‌ಯಿ ಎಂಬ ಡಾಕ್ಟರ್, ಉಳಿಯುವ ಆಸೆ ಇಲ್ಲದ 5 ವರ್ಷದ ಹುಡುಗಿಗೆ ಆ ವಸ್ತುವನ್ನೇ ಜಾಸ್ತಿ ಪ್ರಮಾಣದಲ್ಲಿ ಕೊಟ್ಟರು. ಕಣಗಳು ಸಾಯಲಿಲ್ಲ, ಬಲಿತವು! ನಿಂತಿದ್ದ ಪೈರು ತೆನೆ ಕಟ್ಟಿ, ಆಯಸ್ಸು ಮುಗಿಸಿ, ತಾನಾಗಿ ಉದುರಿತು. ಮಗು ಬದುಕಿತು. ಈಗ ಇದರ ಜೊತೆ ಆರ್ಸೆನಿಕ್ ಸೇರಿಸಿ ಕೊಡುತ್ತಾರೆ, ಹೌದು, ಅದೇ ಪಾಷಾಣ. ಮೊದಲ ಕೆಲವು ವಾರ ದಾಟಿದರೆ ಹೆಚ್ಚಿನವರು ಪೂರ್ತಿ ವಾಸಿಯಾಗುತ್ತಾರೆ. ನನ್ನ ಕೆಲಸದ ವರ್ಷಗಳಲ್ಲಿ ರಿಪೋರ್ಟ್ ಬರೆಯುವಾಗ ಕೈ ನಡುಗುತ್ತಿದ್ದ ರೋಗ, ಕೊನೆಕೊನೆಗೆ "ಸದ್ಯ, ಇದಾ" ಅನ್ನುವ ರೋಗವಾಯಿತು.

ಮಕ್ಕಳ ವಿಷಯ. ಎ.ಎಲ್.ಎಲ್. ಜಾಸ್ತಿ ಬರುವುದು 2ರಿಂದ 5 ವರ್ಷದ ಮಕ್ಕಳಿಗೆ. ಹೆಚ್ಚಿನವರಲ್ಲಿ ಎಳೆಯ ಬಿ ಕಣ, ಕೆಲವರಲ್ಲಿ ಥೈಮಸ್‌ನ ಎಳೆಯ ಟಿ ಕಣ. ಇದಕ್ಕೆ ಮೊದಲ ಮದ್ದು 1947–48ರಲ್ಲಿ ಬಾಸ್ಟನ್‌ನ ಸಿಡ್ನಿ ಫಾರ್ಬರ್ ಕೊಟ್ಟರು. ಅದನ್ನು ತಯಾರಿಸಿದ ತಂಡದ ಮುಖ್ಯಸ್ಥರು ನಮ್ಮ ಪಕ್ಕದ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 16 ಮಕ್ಕಳಲ್ಲಿ 10 ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡರು. ಇಂದು ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ವಾಸಿಯಾಗುತ್ತಾರೆ.

"ನಾವೇನು ತಪ್ಪು ತಿನ್ನಿಸಿದೆವು?" ಈ ಮಕ್ಕಳ ತಂದೆತಾಯಿ ಕೇಳುವ ಮೊದಲ ಮಾತು ಇದು. ಅದಕ್ಕೆ ಮೆಲ್ ಗ್ರೀವ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಅವಳಿ ಮಕ್ಕಳಲ್ಲಿ ಉತ್ತರ ಹುಡುಕಿದರು. ಒಂದೇ ಮಾಸು ಹಂಚಿಕೊಂಡ ಅವಳಿಗಳು. ಇಬ್ಬರಿಗೂ ಲ್ಯುಕೇಮಿಯಾ ಬಂದಿದ್ದರೆ, ಇಬ್ಬರ ಕಣದಲ್ಲೂ ಎರಡು ಜೀನ್ ಮುರಿದು ಅಂಟಿದ ಜಾಗ ಅಕ್ಷರ ಅಕ್ಷರ ಒಂದೇ. ಬೇರೆ ಬೇರೆ ರೋಗಿಗಳಲ್ಲಿ ಆ ಜಾಗ ಎಂದೂ ಒಂದೇ ಇರುವುದಿಲ್ಲ. ತಂದೆತಾಯಿಯಿಂದ ಬಂದದ್ದೂ ಅಲ್ಲ, ಮೈಯ ಬೇರೆ ಕಣದಲ್ಲಿ ಅದಿಲ್ಲ. ಉಳಿದದ್ದು ಒಂದೇ ದಾರಿ. ಹೊಟ್ಟೆಯಲ್ಲಿ ಇರುವಾಗ ಒಂದು ಮಗುವಿನಲ್ಲಿ ಒಂದು ಕಣ ಕೆಟ್ಟು, ಅದರ ಸಂತಾನ ಮಾಸಿನ ರಕ್ತನಾಳದ ಮೂಲಕ ಇನ್ನೊಂದು ಮಗುವಿಗೆ ಹೋಗಿದೆ. ಗರ್ಭದಲ್ಲಿ ಲಿವರ್ ರಕ್ತ ಮಾಡುತ್ತದೆ ಅಂದಿದ್ದೆನಲ್ಲ, ಆ ಕಾಲದ ಮಾತು ಇದು.

ಅವಳಿ ಅಲ್ಲದ ಮಕ್ಕಳಲ್ಲಿ? ಹಲವು ದೇಶಗಳಲ್ಲಿ ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಕಾಗದಕ್ಕೆ ಒತ್ತಿ ಇಡುತ್ತಾರೆ, ಬೇರೆ ರೋಗಗಳ ಪರೀಕ್ಷೆಗೆ. ಲ್ಯುಕೇಮಿಯಾ ಬಂದ ಮಕ್ಕಳ ಆ ಹಳೇ ಕಾಗದ ಹುಡುಕಿ ತೆಗೆದರು. ಎಷ್ಟೋ ಮಕ್ಕಳಲ್ಲಿ ಕೆಟ್ಟ ಕಣದ ಗುರುತು ಹುಟ್ಟಿದ ವಾರದ ಆ ಒಣಗಿದ ಕಲೆಯಲ್ಲೇ ಇತ್ತು. ತಂದೆತಾಯಿ ತುತ್ತು ತಿನ್ನಿಸುವುದಕ್ಕಿಂತ ಮೊದಲೇ.

ಇಲ್ಲಿ ಗಾಬರಿಯಾಗಬೇಡಿ. ಹೊಕ್ಕುಳಬಳ್ಳಿಯ ರಕ್ತ ನೋಡಿ 2002ರಲ್ಲಿ ಹಾಕಿದ ಲೆಕ್ಕದ ಪ್ರಕಾರ ನೂರರಲ್ಲಿ ಒಂದು ಮಗುವಿಗೆ ಇಂಥ ಕಣ ಇರಬಹುದು. ಆಮೇಲಿನ ಅಧ್ಯಯನಗಳಲ್ಲಿ ಈ ಅಂಕಿ ಹೆಚ್ಚುಕಮ್ಮಿ ಆಗಿದೆ. ಏನೇ ಇರಲಿ, ಅವರಲ್ಲಿ ಬಹುಪಾಲು ಮಕ್ಕಳಿಗೆ ರೋಗ ಬರುವುದೇ ಇಲ್ಲ. ಎರಡನೇ ಪೆಟ್ಟು ಬೀಳಬೇಕು. ಅದು ಹುಟ್ಟಿದ ಮೇಲೆ ಬೀಳುತ್ತದೆ, ಮುಖ್ಯವಾಗಿ ಆ ಕತ್ತರಿಯಿಂದ. ಮೊದಲ ವರ್ಷ ಸಣ್ಣಪುಟ್ಟ ಸೋಂಕು ಕಾಣದೆ ಬೆಳೆದ ಮಗುವಿನಲ್ಲಿ, ಆಮೇಲೆ ಬಂದ ಸೋಂಕಿಗೆ ರೋಗನಿರೋಧ ವ್ಯವಸ್ಥೆ ಅತಿಯಾಗಿ ಕೆರಳಿ, ಕತ್ತರಿ ಅಡ್ಡಾದಿಡ್ಡಿ ಓಡುತ್ತದೆ ಎಂದು ಗ್ರೀವ್ಸ್ ವಾದ. ಪರವಾಗಿ ಸಾಕ್ಷ್ಯ ಇದೆ, ಆದರೂ ಅದನ್ನು ವಾದ ಎಂದೇ ಕರೆಯೋಣ. ಮಣ್ಣಲ್ಲಿ ಆಡಿದರೆ ಕ್ಯಾನ್ಸರ್ ಬರಲ್ಲ ಎಂದು ವಾಟ್ಸಾಪಿನಲ್ಲಿ ಹಾಕಬೇಡಿ, ದಯವಿಟ್ಟು.

ವಯಸ್ಸಾದವರ ಕಡೆ ಬೇರೆ ಕಥೆ. ಟೊರಾಂಟೋದ ಜಾನ್ ಡಿಕ್ 1994ರಲ್ಲಿ ಎ.ಎಂ.ಎಲ್. ಕಣಗಳನ್ನು ರೋಗನಿರೋಧ ಇಲ್ಲದ ಇಲಿಗಳಿಗೆ ಚುಚ್ಚಿ, ಎಷ್ಟು ಕಣಕ್ಕೆ ಒಂದು ಕಣ ರೋಗವನ್ನು ಹೊಸದಾಗಿ ಕಟ್ಟುತ್ತದೆ ಎಂದು ಎಣಿಸಿದರು. ಎರಡೂವರೆ ಲಕ್ಷಕ್ಕೆ ಒಂದು. ಟಿಲ್ ಮತ್ತು ಮೆಕಲಕ್ ಬೀಜ ಎಣಿಸಿದ ಅದೇ ಊರು, ಗಮನಿಸಿ. 2014ರಲ್ಲಿ ಅವರ ತಂಡವೇ ಎ.ಎಂ.ಎಲ್. ರೋಗಿಗಳ ಟಿ ಕಣ ನೋಡಿತು. ಟಿ ಕಣ ಆರೋಗ್ಯವಾಗಿತ್ತು, ಆದರೆ ಬ್ಲಾಸ್ಟ್‌ನಲ್ಲಿದ್ದ ತಪ್ಪುಗಳಲ್ಲಿ ಒಂದು ಅದರಲ್ಲೂ ಇತ್ತು. ಮತ್ತೆ ಅದೇ ತರ್ಕ: ಎರಡು ಟೊಂಗೆಯಲ್ಲೂ ಇರುವ ಗುರುತು ಬುಡದಿಂದ ಬಂದಿರಬೇಕು. ಅದೇ ವರ್ಷ ಬೇರೆ ತಂಡಗಳು ಸಾವಿರಾರು ಆರೋಗ್ಯವಂತರ ರಕ್ತದ ಡಿ.ಎನ್.ಎ. ಓದಿದವು. 70 ದಾಟಿದವರಲ್ಲಿ ಹತ್ತಕ್ಕೆ ಒಬ್ಬರಲ್ಲಿ ಇಂಥ ತಪ್ಪು ಹೊತ್ತ ಒಂದು ಬೀಜ ಉಳಿದವಕ್ಕಿಂತ ಹೆಚ್ಚು ಹರಡಿಕೊಂಡಿತ್ತು. ಅವರಲ್ಲೂ ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಜನರಿಗೆ ರಕ್ತದ ಕ್ಯಾನ್ಸರ್ ಬರುತ್ತದೆ. ಈ ಕೋಣೆಯಲ್ಲಿ ನನ್ನ ವಯಸ್ಸಿನವರು ಎಷ್ಟು ಜನ ಇದ್ದೀರಿ? ಲೆಕ್ಕ ಹಾಕುವುದು ಬೇಡ.

ಒಬ್ಬರು ಕೇಳಿದರು, "ಇದೆಲ್ಲ ತಿಳಿದು ರೋಗಿಗೆ ಏನು ಲಾಭ?" ಕಾರ್-ಟಿ ಚಿಕಿತ್ಸೆ ನೋಡಿ. ರೋಗಿಯ ಟಿ ಕಣ ತೆಗೆದು, ಸಿ.ಡಿ.19 ಎಂಬ ಗುರುತನ್ನು ಹಿಡಿಯಲು ಕಲಿಸಿ, ವಾಪಸ್ ಮೈಗೆ ಬಿಡುತ್ತಾರೆ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂಬೈನ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನಮ್ಮದೇ ಕಾರ್-ಟಿಗೆ 2023ರ ಅಕ್ಟೋಬರ್‌ನಲ್ಲಿ. ಸಿ.ಡಿ.19 ಇರುವುದು ಎಳಸಿನಿಂದ ಬಲಿತವರೆಗಿನ ಬಿ ಕಣಗಳ ಮೈಮೇಲೆ. ಬೀಜದ ಮೇಲೆ ಇಲ್ಲ. ಹಾಗಾಗಿ ಒಳ್ಳೆಯ ಬಿ ಕಣವೂ ಹೋಗುತ್ತದೆ, ಆದರೆ ರಕ್ತದ ಬೀಜ ಉಳಿಯುತ್ತದೆ. ಬಿ ಕಣ ಇಲ್ಲದೆಯೂ ಹೊರಗಿನಿಂದ ಪ್ರತಿಕಾಯ ಹಾಕಿಸಿಕೊಂಡು ಬದುಕಬಹುದು. ಎ.ಎಂ.ಎಲ್.ಗೆ ಇದೇ ಉಪಾಯ ಯಾಕೆ ಅಷ್ಟು ಸುಲಭ ಅಲ್ಲ? ಅಲ್ಲಿ ಕೆಟ್ಟ ಕಣದ ಮೈಮೇಲಿನ ಗುರುತುಗಳು ಒಳ್ಳೆಯ ಬೀಜದ ಮೈಮೇಲೂ ಇವೆ. ಕಳೆ ಕೀಳಲು ಹೋಗಿ ಬೀಜವನ್ನೇ ಕಳೆದುಕೊಂಡರೆ ನ್ಯೂಟ್ರೋಫಿಲ್, ಪ್ಲೇಟ್‌ಲೆಟ್ ಇಲ್ಲದೆ ಬದುಕಲು ಆಗುವುದಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಪಿಯುಸಿ ಹುಡುಗಿ ಎದ್ದು ಹಲಗೆಯ ಕಡೆ ಕೈ ತೋರಿಸಿದಳು. "ಮೇಡಂ, ನೀವು ಎರಡು ಟೊಂಗೆ ಬರೆದ್ರಲ್ಲ. ಒಂದು ಟೊಂಗೆಗೆ ಹೋದ ಕಣ ಇನ್ನೊಂದಕ್ಕೆ ಹಾರೋಕೆ ಆಗಲ್ವಾ?"

ಆಗಬಾರದು ಎಂದೇ ನಾವು ಓದಿದ್ದು. ಆದರೆ ಕೆ.ಎಂ.ಟಿ.2.ಎ. ಎಂಬ ಜೀನ್ ಮುರಿದ ಎ.ಎಲ್.ಎಲ್. ಇದೆ, ಹಸುಗೂಸುಗಳಲ್ಲಿ ಬರುವುದು ಬಹಳ ಸಲ ಅದೇ. ಅಂಥ ಕೆಲವು ರೋಗಿಗಳಿಗೆ ಸಿ.ಡಿ.19 ಹಿಡಿಯುವ ಚಿಕಿತ್ಸೆ ಕೊಟ್ಟಾಗ ಬಿ ಕಣದ ಲ್ಯುಕೇಮಿಯಾ ಪೂರ್ತಿ ಹೋಯಿತು. ಸ್ವಲ್ಪ ದಿನ ಬಿಟ್ಟು ರೋಗ ಮರಳಿತು, ಈ ಸಲ ಮೈಲಾಯ್ಡ್ ಆಗಿ, ಸಿ.ಡಿ.19 ಇಲ್ಲದೆ. ಮುರಿದ ಜೀನ್ ಮಾತ್ರ ಅದೇ, ಮುರಿದ ಜಾಗವೂ ಅದೇ. ಕೆಲವರ ಕಣದಲ್ಲಿ ಬಿ ಕಣದ ಆ ಕೌದಿ ಹೊಲಿಗೆ ಕೂಡ ಹಾಗೇ ಉಳಿದಿತ್ತು, ಮೈಲಾಯ್ಡ್ ಕಣಕ್ಕೆ ಬೇಡವೇ ಬೇಡದ ಹೊಲಿಗೆ.

ಆ ಹುಡುಗಿಯನ್ನೇ ಹಲಗೆಗೆ ಕರೆದೆ. ಸೀಮೆಸುಣ್ಣ ತೆಗೆದುಕೊಂಡು ಎರಡು ಟೊಂಗೆಯ ನಡುವೆ ಒಂದು ಚುಕ್ಕೆ ಚುಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದಳು. ಗ್ರಂಥಾಲಯದವರು ದೀಪ ಆರಿಸಲು ಕಾಯುತ್ತಿದ್ದರು. ಹಲಗೆ ಒರೆಸದೆ ಬಂದೆವು.